ಮರದ ಕಪಾಟು, ಬಿಸಿಲು, ಧೂಳು: ಅಡುಗೆಮನೆಯ ಗೋಡೆಗೆ ಬಣ್ಣ ಆರಿಸುವುದು ಹೇಗೆ

ಅಡುಗೆಮನೆಗೆ ಮರದ ಕಪಾಟು ಮಾಡಿಸುವವರು ಮರದ ಜಾತಿ, ಪ್ಲೈವುಡ್ಡಿನ ದಪ್ಪ, ಕೀಲು, ಹಿಡಿಕೆ ಎಂದು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಅದೇ ಕಪಾಟಿನ ಸುತ್ತ ಕಾಣುವ ಗೋಡೆಯ ಬಣ್ಣವನ್ನು ಮಾತ್ರ ಗೃಹಪ್ರವೇಶಕ್ಕೆ ವಾರ ಉಳಿದಿರುವಾಗ, ಪೇಂಟರ್ ಕೈಯಲ್ಲಿರುವ ಶೇಡ್ ಕಾರ್ಡ್ ತಿರುವಿ ಹಾಕಿ, ನಿಂತ ನಿಲುವಿನಲ್ಲೇ ತೀರ್ಮಾನಿಸಿಬಿಡುತ್ತಾರೆ. ಹೀಗೆ ಆರಿಸಿದ ಬಣ್ಣ ಕೆಟ್ಟದ್ದೇ ಆಗಬೇಕೆಂದಿಲ್ಲ, ಆದರೆ ಅದು ಮರವನ್ನು ನೋಡಿ ಆರಿಸಿದ್ದಾಗಿರುವುದಿಲ್ಲ. ಒಳ್ಳೆಯ ಸಾಗುವಾನಿಯ ಕಪಾಟು ಕಿತ್ತಳೆ ಬಣ್ಣ ಬಳಿದಂತೆ ಕಾಣುವುದಕ್ಕೂ, ದುಬಾರಿ ಬೀಟೆಯ ಬಾಗಿಲು ಕತ್ತಲೆಯಲ್ಲಿ ಕರಗಿಹೋಗುವುದಕ್ಕೂ ಎಷ್ಟೋ ಸಲ ಮರ ಕಾರಣವಲ್ಲ, ಪಕ್ಕದ ಗೋಡೆ ಕಾರಣ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯ ಮನೆಗಳಿಗೆ ಬಿಸಿಲು ಮತ್ತು ಧೂಳಿನ ಲೆಕ್ಕವೂ ಸೇರಿಕೊಳ್ಳುವುದರಿಂದ, ತಂಪು ನಾಡಿನ ಮನೆಗಳನ್ನು ನೋಡಿ ಬರೆದ ಸಲಹೆಗಳನ್ನು ಇಲ್ಲಿ ಇದ್ದಂತೆಯೇ ಅನುಸರಿಸಲಾಗದು. ಗೋಡೆಗೆ ಯಾವ ಬಣ್ಣ ಎನ್ನುವುದಕ್ಕಿಂತ, ಆ ಬಣ್ಣ ಮರಕ್ಕಿಂತ ಎಷ್ಟು ತಿಳಿಯಾಗಿರಬೇಕು, ಎಷ್ಟು ಮಂಕಾಗಿರಬೇಕು ಎನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕೆಂಬುದು ಈ ಬರಹದ ನಿಲುವು.

ಮೊದಲು ಆಯ್ಕೆಯ ಕ್ರಮವನ್ನು ಸರಿಪಡಿಸಿಕೊಳ್ಳಬೇಕು. ಮರ ಸಿಗುವುದು ನಾಲ್ಕಾರು ಬಣ್ಣಗಳಲ್ಲಿ; ಕಟ್ಟೆಗೆ ಹಾಕುವ ಗ್ರಾನೈಟು ಅಥವಾ ಕಡಪ ಕಲ್ಲು ಅದಕ್ಕಿಂತ ಸ್ವಲ್ಪ ಹೆಚ್ಚು; ಟೈಲ್ಸು ಕೆಲವು ನೂರು; ಗೋಡೆಯ ಬಣ್ಣವಾದರೋ ಯಂತ್ರದಲ್ಲಿ ಕಲಸಿಕೊಡುವ ಈ ಕಾಲದಲ್ಲಿ ಸಾವಿರಾರು. ಆದ್ದರಿಂದ ಆಯ್ಕೆ ಕಡಿಮೆ ಇರುವುದನ್ನು ಮೊದಲು, ಹೆಚ್ಚು ಇರುವುದನ್ನು ಕೊನೆಗೆ ಆರಿಸುವುದು ಜಾಣತನ. ಗೋಡೆಗೆ ಪುಟ್ಟಿ, ಪ್ರೈಮರ್ ಹಾಗೂ ಒಂದು ಕೋಟ್ ಬಿಳಿಯನ್ನು ಮೊದಲೇ ಮುಗಿಸಿಟ್ಟು, ಬಡಗಿ ಕಪಾಟು ಕೂರಿಸಿ ಪಾಲಿಶ್ ಮುಗಿಸಿ ಹೊರಬಿದ್ದ ಮೇಲೆ ಕೊನೆಯ ಬಣ್ಣ ಹಚ್ಚಿಸುವುದು ಸರಿಯಾದ ಪದ್ಧತಿ. ಇದರಿಂದ ಮರದ ಹೊಟ್ಟು ಹಸಿ ಬಣ್ಣಕ್ಕೆ ಅಂಟುವುದಿಲ್ಲ, ಪಾಲಿಶಿನ ಸಿಡಿತವೂ ಗೋಡೆಯ ಮೇಲೆ ಉಳಿಯುವುದಿಲ್ಲ. ಹಾಲು ಉಕ್ಕಿಸುವ ಮುಹೂರ್ತ ಹತ್ತಿರ ಬಂದಾಗ ಪೇಂಟರ್ ಈ ಕ್ರಮವನ್ನು ತಿರುವುಮುರುವು ಮಾಡಲು ಒತ್ತಾಯಿಸುವುದುಂಟು. ಒಂದೇ ಕೋಟ್ ಬಿಳಿಯ ಗೋಡೆಯ ಮುಂದೆಯೂ ಹಾಲು ಚೆನ್ನಾಗಿಯೇ ಉಕ್ಕುತ್ತದೆ ಎಂದು ಹೇಳಿ ಕಳಿಸಬಹುದು.

ಮರದ ಛಾಯೆಯನ್ನು ಗುರುತಿಸುವುದು

ಮರವೆಂದರೆ ಕಂದು ಎಂದು ನಾವು ಮಾತಿಗೆ ಹೇಳುತ್ತೇವೆ, ಆದರೆ ಕಂದಿನೊಳಗೆ ಬೇರೊಂದು ಬಣ್ಣ ಅಡಗಿರುತ್ತದೆ. ಅದನ್ನು ಕಾಣಲು ಬರೆಯುವ ಬಿಳಿ ಹಾಳೆಯೊಂದನ್ನು ಹಗಲು ಬೆಳಕಿನಲ್ಲಿ ಕಪಾಟಿನ ಬಾಗಿಲಿಗೆ ಒತ್ತಿ ಹಿಡಿದು, ಹಾಳೆಯ ಅಂಚಿನಲ್ಲಿ ಮರವನ್ನು ನೋಡಬೇಕು. ಹಾಳೆ ಇಲ್ಲದಾಗ ಬರೀ ಕಂದಾಗಿ ಕಂಡ ಮರ ಈಗ ಹಳದಿಯ ಕಡೆಗೆ, ಕೆಂಪಿನ ಕಡೆಗೆ ಅಥವಾ ಬೂದಿಯ ಕಡೆಗೆ ವಾಲಿರುವುದು ಎದ್ದು ಕಾಣುತ್ತದೆ. ಆ ವಾಲಿಕೆಯನ್ನೇ ಇಲ್ಲಿ ಛಾಯೆ ಎನ್ನುತ್ತಿದ್ದೇನೆ. ಇದನ್ನು ನೋಡುವಾಗ ಟ್ಯೂಬ್‌ಲೈಟು ನಂದಿಸಿರಬೇಕು, ಕಪಾಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಪೂರ್ತಿ ಕಿತ್ತಿರಬೇಕು.

ಸಾಗುವಾನಿ ಹೊನ್ನಿನ ಹಳದಿಯ ಛಾಯೆಯದು. ಹೊಸದಾಗಿ ಕೊಯ್ದಾಗ ಕೆಲವೆಡೆ ಹಸಿರು ಮಿಶ್ರಿತವಾಗಿ, ಪಟ್ಟೆಪಟ್ಟೆಯಾಗಿ ಕಾಣುವ ಇದು ಬೆಳಕು ತಾಗುತ್ತ ಹೋದಂತೆ ಸಮನಾಗಿ, ಬಂಗಾರಗಂದಿಗೆ ತಿರುಗಿ, ವರ್ಷಗಳು ಕಳೆದಂತೆ ಗಾಢವಾಗುತ್ತದೆ. ಹಳೆಯ ಜಂತಿ ಮನೆಯನ್ನು ಕೆಡವಿದಾಗ ಸಿಕ್ಕ ತೊಲೆಗಳನ್ನು ಸೀಳಿಸಿ ಕಪಾಟು ಮಾಡಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ಅಂಥ ಹಳೆಯ ಸಾಗುವಾನಿ ಅಂಗಡಿಯಿಂದ ತಂದ ಹೊಸ ಸಾಗುವಾನಿಗಿಂತ ಬಹಳ ಗಾಢವಾಗಿದ್ದು ಕೆಂಪಿನ ಕಡೆಗೂ ವಾಲಿರುವುದರಿಂದ ಎರಡನ್ನೂ ಒಂದೇ ಮರವೆಂದು ಎಣಿಸಿ ಬಣ್ಣ ಆರಿಸಬಾರದು. ಬೇವಿನ ಮರ ಕೆಂಗಂದು. ಹೊನ್ನೆ ಹಳದಿಗಂದು. ಮತ್ತಿ ಗಾಢವಾದ ಕಂದು, ಮೇಲೆ ಕಪ್ಪು ಗೆರೆಗಳು. ಬೀಟೆಯಲ್ಲಿ ನೇರಳೆಯ ಸುಳಿವು ಇರುತ್ತದೆ. ಮಾವು ಮಾಸಲು ಬಣ್ಣದ ತಿಳಿ ಮರ, ಪಾಲಿಶ್ ಹೇಗೆ ಹಚ್ಚಿದರೆ ಹಾಗೆ.

ಇವತ್ತಿನ ಹೆಚ್ಚಿನ ಕಪಾಟುಗಳು ಪೂರ್ತಿ ಮರದವಲ್ಲ. ಪ್ಲೈವುಡ್ಡಿನ ಮೇಲೆ ಮರದ ತೆಳು ಪದರ ಅಂಟಿಸಿದ ವಿನೀರ್ ಅಥವಾ ಮರದ ಚಿತ್ರ ಮುದ್ರಿಸಿದ ಸನ್‌ಮೈಕ. ವಿನೀರ್ ಮರದಂತೆಯೇ ವಯಸ್ಸಿಗೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಸನ್‌ಮೈಕ ಹಾಗೆ ಬದಲಾಗದ ಕಾರಣ ಇವತ್ತು ಹೊಂದಿದ ಬಣ್ಣ ಬಹುಮಟ್ಟಿಗೆ ಮುಂದೆಯೂ ಹೊಂದುತ್ತದೆ, ಅಷ್ಟರಮಟ್ಟಿಗೆ ಕೆಲಸ ಸುಲಭ. ಆದರೆ ಪಾಲಿಶನ್ನು ಮರೆಯುವಂತಿಲ್ಲ. ಮೆಲಮೈನ್ ಪಾಲಿಶ್ ಕಾಲ ಕಳೆದಂತೆ ಹಳದಿಗೆ ತಿರುಗುವ ಸ್ವಭಾವದ್ದು. ಅದನ್ನು ಹಚ್ಚಿದ ಸಾಗುವಾನಿಯ ಪಕ್ಕಕ್ಕೆ ಇವತ್ತು ಕೆನೆ ಬಣ್ಣ ಬಳಿದರೆ ಕೆಲವೇ ವರ್ಷಗಳಲ್ಲಿ ಮರವೂ ಗೋಡೆಯೂ ಒಂದೇ ಹಳದಿಯಲ್ಲಿ ಮುಳುಗುತ್ತವೆ. ಮರ ಗಾಢವಾಗುತ್ತದೆಂದು ಗೊತ್ತಿರುವಾಗ ಗೋಡೆಯನ್ನು ಇಂದಿನ ಮರಕ್ಕಲ್ಲ, ಮುಂದಿನ ಮರಕ್ಕೆ ಹೊಂದಿಸಬೇಕು.

ತಿಳಿ ಮತ್ತು ಗಾಢದ ನಡುವಿನ ಅಂತರ

ಹೆಚ್ಚಿನವರು ಬಣ್ಣಗಳ ಜೋಡಿಯ ಬಗ್ಗೆಯೇ ಯೋಚಿಸುತ್ತಾರೆ: ಕಂದಿಗೆ ಹಸಿರು ಚೆಂದವೋ, ನೀಲಿ ಚೆಂದವೋ ಎಂದು. ಆದರೆ ಕಣ್ಣಿಗೆ ಮೊದಲು ತಾಗುವುದು ಬಣ್ಣವಲ್ಲ, ಎರಡರ ನಡುವೆ ತಿಳಿ-ಗಾಢದ ಅಂತರ ಎಷ್ಟಿದೆ ಎನ್ನುವುದು. ಮರವೂ ಗೋಡೆಯೂ ಒಂದೇ ಮಟ್ಟದ ಗಾಢತೆಯಲ್ಲಿದ್ದರೆ, ಅವು ಹಸಿರು-ಕಂದಾಗಿರಲಿ ನೀಲಿ-ಕಂದಾಗಿರಲಿ, ಕಪಾಟಿನ ಅಂಚು ಮಸುಕಾಗಿ ಅಡುಗೆಮನೆ ಇದ್ದದ್ದಕ್ಕಿಂತ ಚಿಕ್ಕದಾಗಿ ತೋರುತ್ತದೆ.

ಇದನ್ನು ಪರೀಕ್ಷಿಸಲು ಮೊಬೈಲ್ ಸಾಕು. ಬಣ್ಣದ ಮಾದರಿಯನ್ನು ಕಪಾಟಿಗೆ ಒರಗಿಸಿ ಚಿತ್ರ ತೆಗೆದು, ಅದನ್ನು ಕಪ್ಪು-ಬಿಳುಪಿಗೆ ಬದಲಿಸಿ ನೋಡಬೇಕು. ಬಣ್ಣ ಹೋದ ಮೇಲೆ ಮರ ಮತ್ತು ಮಾದರಿ ಒಂದೇ ಬೂದು ಬಣ್ಣದಲ್ಲಿ ಬೆರೆತುಹೋದರೆ ಆ ಬಣ್ಣವನ್ನು ಬಿಡುವುದು ಒಳ್ಳೆಯದು. ಗೋಡೆ ಸ್ಪಷ್ಟವಾಗಿ ತಿಳಿಯಾಗಿದ್ದು ಮರ ಕಡೆದಿಟ್ಟಂತೆ ಕಂಡರೆ ಅರ್ಧ ಕೆಲಸ ಮುಗಿದಂತೆ. ಕೆಲವು ಕಂಪನಿಗಳು ತಮ್ಮ ಬಣ್ಣಗಳಿಗೆ ಬೆಳಕು ಪ್ರತಿಫಲಿಸುವ ಪ್ರಮಾಣವನ್ನು 0ಯಿಂದ 100ರವರೆಗಿನ ಅಂಕದಲ್ಲಿ ಕೊಟ್ಟಿರುತ್ತವೆ. ಎಲ್‌ಆರ್‌ವಿ ಎಂದು ಕರೆಯುವ ಈ ಅಂಕದಲ್ಲಿ 0 ಎಂದರೆ ಕಡುಗಪ್ಪು, 100 ಎಂದರೆ ಪೂರ್ತಿ ಬಿಳಿ. ನಮ್ಮ ಕಡೆಯ ಸಾಧಾರಣ ಅಳತೆಯ ಅಡುಗೆಮನೆಗೆ 60ರಿಂದ 75ರ ನಡುವಿನದು ಹಿತವಾದ ಜಾಗ ಎಂಬುದು ನನ್ನ ಅಭಿಪ್ರಾಯ. 85ರಿಂದ ಮೇಲಿನ ಬಿಳಿಗಳು ನಮ್ಮ ಬೇಸಿಗೆಯ ಬೆಳಕಿನಲ್ಲಿ ಕಣ್ಣು ಕುಕ್ಕುತ್ತವೆ. 40ಕ್ಕಿಂತ ಕೆಳಗಿನವು ಮಧ್ಯಮ ಗಾಢತೆಯ ಮರದೊಂದಿಗೆ ಬೆರೆತುಹೋಗುವ ಸಾಧ್ಯತೆ ಹೆಚ್ಚು.

ಕಿಟಕಿ ಎಲ್ಲಿದೆ, ದೀಪ ಯಾವುದು

ವಾಸ್ತು ನೋಡಿ ಕಟ್ಟಿಸಿದ ಮನೆಗಳಲ್ಲಿ ಅಡುಗೆಮನೆ ಆಗ್ನೇಯಕ್ಕೆ, ಒಲೆ ಪೂರ್ವದ ಗೋಡೆಗೆ, ಕಿಟಕಿಯೂ ಬಹುಪಾಲು ಅದೇ ಗೋಡೆಗೆ ಇರುತ್ತದೆ. ಇದರಲ್ಲಿ ಬಣ್ಣದ ಮಟ್ಟಿಗೆ ಒಂದು ಸೂಕ್ಷ್ಮವಿದೆ. ಕಿಟಕಿಯಿರುವ ಗೋಡೆಗೆ ತನ್ನದೇ ಕಿಟಕಿಯ ಬೆಳಕು ತಾಗುವುದಿಲ್ಲ. ಅಡುಗೆ ಮಾಡುವವರು ಹೊರಗಿನ ಬೆಳಕಿಗೆ ಮುಖ ಮಾಡಿ ನಿಂತಿರುತ್ತಾರೆ. ಕಿಟಕಿಯ ಎಡಬಲದ ಗೋಡೆ, ಅಲ್ಲಿ ತೂಗುವ ಮೇಲಿನ ಕಪಾಟು ಎರಡೂ ಅವರಿಗೆ ನೆರಳಾಗಿ ಕಾಣುತ್ತವೆ. ಶೇಡ್ ಕಾರ್ಡಿನಲ್ಲಿ ಹಿತವಾಗಿದ್ದ ಬೂದು ಆ ಗೋಡೆಯ ಮೇಲೆ ಮಸಿ ಹಿಡಿದಂತೆ ಕಾಣುವುದು ಇದರಿಂದಲೇ. ಆದ್ದರಿಂದ ಕಿಟಕಿಯ ಗೋಡೆಯನ್ನು ನೋಡಿ ಬಣ್ಣವನ್ನು ನಿರ್ಧರಿಸಬೇಕು, ಎದುರಿನ ಗೋಡೆಯನ್ನು ನೋಡಿ ಅಲ್ಲ. ಕಿಟಕಿಯ ಗೋಡೆಗೆ ಸರಿಕಂಡ ಬಣ್ಣ ಎದುರಿನ ಗೋಡೆಗೆ ಸ್ವಲ್ಪ ತಿಳಿಯಾಗಿ ಕಂಡರೆ ತೊಂದರೆಯಿಲ್ಲ.

ಪೂರ್ವದ ಕಿಟಕಿಯಿಂದ ಬೆಳಗಿನ ಬಿಸಿಲು ಹಳದಿಯಾಗಿ ಒಳಬರುತ್ತದೆ. ಹೊತ್ತು ಏರಿದ ಮೇಲೆ ಬರುವುದು ಆಕಾಶದ ಬೆಳಕು, ಇಲ್ಲವೇ ಪಕ್ಕದ ಮನೆಯ ಗೋಡೆಗೆ ಬಡಿದು ಬಂದ ಬೆಳಕು. ನಮ್ಮ ಊರುಗಳಲ್ಲಿ ಎರಡು ಮನೆಗಳ ನಡುವೆ ಮೂರಡಿ ಓಣಿಯೂ ಇರದ ಕಡೆ ಈ ಎರಡನೆಯದೇ ಹೆಚ್ಚು. ಪಕ್ಕದವರ ಗೋಡೆ ಕಡು ಕೇಸರಿಯಾಗಿದ್ದರೆ ಮಧ್ಯಾಹ್ನವಿಡೀ ನಿಮ್ಮ ಅಡುಗೆಮನೆಗೆ ಕೇಸರಿ ಮಿಶ್ರಿತ ಬೆಳಕೇ ಬರುತ್ತದೆ, ನೀವು ಆರಿಸಿದ ಕೆನೆ ಬಣ್ಣ ಪೀಚ್ ಆಗುತ್ತದೆ. ಅಂಥಲ್ಲಿ ಹಳದಿ, ಕೆಂಪು ಛಾಯೆಯಿಲ್ಲದ ಬೂದು-ಬಿಳಿಯೇ ಕ್ಷೇಮ.

ಉತ್ತರದ ಕಿಟಕಿಯ ಬೆಳಕು ತಂಪಾದದ್ದು, ಆದ್ದರಿಂದ ಗೋಡೆಗೆ ಬೆಚ್ಚನೆಯ ಬಣ್ಣ ಬೇಕು ಎಂದು ಹೊರದೇಶದ ಮಾರ್ಗದರ್ಶಿಗಳು ಹೇಳುತ್ತವೆ. ಅದು ಅವರಿಗೆ ಸರಿ. ಬಳ್ಳಾರಿ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ರಾಯಚೂರು 16 ಡಿಗ್ರಿಯನ್ನು ದಾಟಿದೆ. ಹೀಗಾಗಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಕೊಂಚ ಉತ್ತರಕ್ಕೇ ಇರುತ್ತಾನೆ, ಬೆಳಿಗ್ಗೆ ಸಂಜೆಗಳಲ್ಲಂತೂ ಓರೆಬಿಸಿಲು ಉತ್ತರದ ಕಿಟಕಿಯೊಳಗೆ ನೇರ ಬೀಳುತ್ತದೆ. ಉತ್ತರದ ಕಿಟಕಿಯಿದೆಯೆಂದು ಗೋಡೆಗೆ ಬೆಚ್ಚನೆಯ ಹಳದಿ ಬಳಿದವರಿಗೆ ಏಪ್ರಿಲ್, ಮೇ ತಿಂಗಳ ಅಡುಗೆಮನೆ ಇನ್ನೊಂದಿಷ್ಟು ಬೆಂದಂತೆ ತೋರಿದರೆ ಆಶ್ಚರ್ಯವಿಲ್ಲ. ಪಶ್ಚಿಮದ ಕಿಟಕಿಗೆ ಇದೇ ಮಾತನ್ನು ಇನ್ನೂ ಒತ್ತಿ ಹೇಳಬೇಕು: ಹಳದಿ, ಪೀಚ್, ಕಿತ್ತಳೆಗಳನ್ನು ಅಲ್ಲಿ ಪೂರ್ತಿ ಬಿಡುವುದು ಮೇಲು.

ಸಂಜೆಯ ಅಡುಗೆಯೆಲ್ಲ ದೀಪದ ಕೆಳಗೆ ನಡೆಯುವುದರಿಂದ ಯಾವ ದೀಪವೆಂದು ಗೊತ್ತುಮಾಡಿಕೊಂಡೇ ಬಣ್ಣ ಆರಿಸಬೇಕು. ನಮ್ಮಲ್ಲಿ ಹೆಚ್ಚು ಮಾರಾಟವಾಗುವ 6500 ಕೆಲ್ವಿನ್ ಎಲ್‌ಇಡಿ ನೀಲಿಬಿಳುಪಿನ ಬೆಳಕು ಕೊಡುತ್ತದೆ. ಅದರ ಕೆಳಗೆ ಸಾಗುವಾನಿಯ ಹೊನ್ನು ಕಳೆಗುಂದುತ್ತದೆ, ಕೆನೆ ಗೋಡೆ ರೋಗಿಯ ಮುಖದಂತೆ ಬಿಳಿಚಿಕೊಳ್ಳುತ್ತದೆ. 3000 ಕೆಲ್ವಿನ್ನಿನ ಹಳದಿ ದೀಪ ಮರಕ್ಕೆ ಚೆಂದ, ಆದರೆ ಹಳದಿ ಛಾಯೆಯ ಗೋಡೆಯನ್ನು ಅತಿಯಾಗಿಸುತ್ತದೆ. ಮರದ ಕಪಾಟಿನ ಅಡುಗೆಮನೆಗೆ 4000 ಕೆಲ್ವಿನ್ ಹಿತ. ಪೆಟ್ಟಿಗೆಯ ಮೇಲೆ, ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂದು ಹೇಳುವ ಅಂಕವಾದ ಸಿಆರ್‌ಐ 90 ಎಂದಿದ್ದರೆ ಮರದ ಬಣ್ಣವೂ, ಸಾರಿನ ಬಣ್ಣವೂ ಇದ್ದಂತೆ ಕಾಣುತ್ತವೆ.

ಯಾವ ಮರಕ್ಕೆ ಯಾವ ಗೋಡೆ

ಏನೂ ತೋಚದಿದ್ದಾಗ ಎಲ್ಲರೂ ಹೇಳುವ ಬಣ್ಣ ಅಚ್ಚಬಿಳಿ. ಇದರ ವಿಷಯದಲ್ಲಿ ನನಗೆ ಎರಡು ತಕರಾರುಗಳಿವೆ. ಅಚ್ಚಬಿಳಿಯ ಪಕ್ಕದಲ್ಲಿ ಮರದ ಛಾಯೆ ಉಬ್ಬಿ ಕಾಣುತ್ತದೆ. ಬಿಳಿ ಹಾಳೆಯ ಪರೀಕ್ಷೆ ಕೆಲಸ ಮಾಡುವುದೇ ಈ ಕಾರಣಕ್ಕೆ. ಹಾಳೆಯ ಬದಲು ಇಡೀ ಗೋಡೆಯೇ ಬಿಳಿಯಾದರೆ ಸಾಗುವಾನಿಯ ಹಳದಿ ಇಮ್ಮಡಿಯಾಗಿ ಕಿತ್ತಳೆಗೆ ಹತ್ತಿರವಾಗುತ್ತದೆ. ಇನ್ನೊಂದು ತಕರಾರು ನಮ್ಮ ಮಣ್ಣಿನದು. ಸಂಡೂರು, ತೋರಣಗಲ್ಲು, ಬಳ್ಳಾರಿಯ ಸುತ್ತಮುತ್ತ ಅದಿರಿನ ಕೆಂಧೂಳು ಕಿಟಕಿಯ ಸಂದಿಯಲ್ಲಿ ಒಳಬಂದು, ಒಗ್ಗರಣೆಯ ಹೊಗೆಯ ಎಣ್ಣೆಜಿಡ್ಡಿನೊಂದಿಗೆ ಸೇರಿ ಗೋಡೆಗೆ ಅಂಟುತ್ತದೆ. ಅಚ್ಚಬಿಳಿ ಗೋಡೆ ಅಲ್ಲಿ ಮೊದಲು ಕಿಟಕಿಯ ಕೆಳಗೆ, ಆಮೇಲೆ ಸ್ವಿಚ್ ಬೋರ್ಡಿನ ಸುತ್ತ ನಸುಗೆಂಪಾಗುತ್ತದೆ. ರಾಯಚೂರು, ಸಿಂಧನೂರು, ಸಿರುಗುಪ್ಪದ ಎರೆಹೊಲದ ಸೀಮೆಯಲ್ಲಿ ಧೂಳು ಬೂದುಗಪ್ಪು. ಅಲ್ಲಿಯೂ ಬಿಳಿ ಉಳಿಯುವುದಿಲ್ಲ, ಮಾಸುವ ಬಗೆ ಮಾತ್ರ ಬೇರೆ. ಆದ್ದರಿಂದ ಬಿಳಿಯೇ ಬೇಕೆನ್ನುವವರು ಕೆಂಧೂಳಿನ ಸೀಮೆಯಲ್ಲಿ ಚೂರು ಮಣ್ಣಿನ ಛಾಯೆ ಬೆರೆತ ಬಿಳಿಯನ್ನೂ, ಎರೆಸೀಮೆಯಲ್ಲಿ ಚೂರು ಬೂದು ಬೆರೆತ ಬಿಳಿಯನ್ನೂ ಆರಿಸಿದರೆ ಎರಡು ಸಲ ಒರೆಸುವ ಕಡೆ ಒಂದು ಸಲ ಒರೆಸಿದರೆ ನಡೆಯುತ್ತದೆ.

ಹಳದಿ ಛಾಯೆಯ ಸಾಗುವಾನಿ ಮತ್ತು ಹೊನ್ನೆಗೆ ನನ್ನ ಮೊದಲ ಆಯ್ಕೆ ಮಂಕಾದ ತಿಳಿಹಸಿರು: ಬೂದು ಬೆರೆತ, ಪಿಸ್ತಾಕ್ಕಿಂತ ಸಪ್ಪೆಯಾದ ಹಸಿರು. ಹಸಿರಿನಲ್ಲಿ ಹಳದಿಯ ಪಾಲೂ ಇರುವುದರಿಂದ ಅದು ಈ ಮರದೊಂದಿಗೆ ಜಗಳವಾಡುವುದಿಲ್ಲ, ಬೂದು ಇರುವುದರಿಂದ ಮೇಲೆ ಬೀಳುವುದೂ ಇಲ್ಲ. ಎರಡನೆಯ ಆಯ್ಕೆ ಬೂದುನೀಲಿ, ಅದಕ್ಕೆ ನಮ್ಮಲ್ಲೇ ಹಳೆಯ ಮಾದರಿಯಿದೆ. ಈ ಸೀಮೆಯ ಹಳೆಯ ಮನೆಗಳಲ್ಲಿ ಸುಣ್ಣಕ್ಕೆ ಒಂದಿಷ್ಟು ನೀಲಿ ಹಾಕಿ ಬಳಿಯುತ್ತಿದ್ದರು. ಸುಣ್ಣದ ಹಳದಿಯನ್ನು ಕೊಲ್ಲಲು ಹಾಕಿದ ಆ ನೀಲಿ ಕೈ ಸ್ವಲ್ಪ ಹೆಚ್ಚಾದಾಗ ಗೋಡೆಯೇ ತಿಳಿನೀಲಿಯಾಗುತ್ತಿತ್ತು. ಅದರ ಮುಂದೆ ಎಣ್ಣೆ ಕುಡಿದ ಸಾಗುವಾನಿಯ ಚೌಕಟ್ಟು, ಗೂಡಿನ ಬಾಗಿಲು, ಕಂಬಗಳು ಗಂಭೀರವಾಗಿ ಒಪ್ಪುತ್ತಿದ್ದವು. ಹೊನ್ನಗಂದಿಗೆ ನೀಲಿ ಎದುರು ಬಣ್ಣ, ಆದ್ದರಿಂದ ಒಂದು ಇನ್ನೊಂದನ್ನು ಎತ್ತಿ ತೋರಿಸುತ್ತದೆ. ಆದರೆ ಅದು ಒಪ್ಪಿದ್ದು ಸುಣ್ಣದ ನೀಲಿ ಪುಡಿಪುಡಿಯಾಗಿ, ಮಾಸಲಾಗಿ, ಹೊಳಪಿಲ್ಲದೆ ಇದ್ದುದರಿಂದ. ಇಂದಿನ, ನೀರು ಬೆರೆಸಿ ಹಚ್ಚುವ ಎಮಲ್ಷನ್ ಪೇಂಟಿನ ಕಡು ಆಕಾಶನೀಲಿಯನ್ನು ಅದೇ ಮರದ ಪಕ್ಕಕ್ಕೆ ತಂದರೆ ಮರ ಕಿತ್ತಳೆಯಾಗಿ ಚೀರುತ್ತದೆ. ನೀಲಿ ಬೇಕೆಂದರೆ ಕಾರ್ಡಿನಲ್ಲಿ ಬೂದು ಎಂದೇ ಕಣ್ಣಿಗೆ ತೋರುವ, ಬಿಳಿ ಹಾಳೆಯ ಪಕ್ಕ ಇಟ್ಟಾಗ ಮಾತ್ರ ನೀಲಿ ಎಂದು ಗೊತ್ತಾಗುವಂಥದ್ದನ್ನು ಆರಿಸಬೇಕು. ಗೋಡೆಯ ಮೇಲೆ ಅದು ತಾನಾಗಿಯೇ ನೀಲಿಯಾಗುತ್ತದೆ.

ಬೇವು, ಹಳೆಯ ತೊಲೆಯ ಸಾಗುವಾನಿ, ಕೆಂಪು ಪಾಲಿಶ್ ಕೊಟ್ಟ ಯಾವುದೇ ಮರ ಇದ್ದಲ್ಲಿ ಹಸಿರಿನ ವಿಷಯದಲ್ಲಿ ಎಚ್ಚರ ಬೇಕು. ಕೆಂಪಿಗೆ ಹಸಿರು ಎದುರು ಬಣ್ಣವಾದ್ದರಿಂದ ಸ್ವಚ್ಛವಾದ ಹಸಿರು ಗೋಡೆ ಮರವನ್ನು ಇನ್ನೂ ಕೆಂಪಾಗಿಸುತ್ತದೆ. ಅಂಥಲ್ಲಿ ಮಣ್ಣಿನ ಛಾಯೆಯ ಬೂದು, ಗೋಧಿ ಬಣ್ಣದ ತೀರಾ ತಿಳಿಯಾದ ರೂಪ, ಅಥವಾ ಹಸಿರೋ ಬೂದೋ ಎಂದು ಅನುಮಾನ ಬರುವಷ್ಟು ಸಪ್ಪೆಯಾದ ಬಣ್ಣ ಒಳ್ಳೆಯದು. ಗುಲಾಬಿ ಮತ್ತು ಪೀಚ್ ಮಾತ್ರ ಖಂಡಿತ ಬೇಡ. ಇವು ಕೆಂಪು ಮರದ ಅದೇ ಕುಟುಂಬದವಾದರೂ ಗೋಡೆಗೆ ಬಂದಾಗ ಮರ ಗೋಡೆಯ ಮಾಸಿದ ಭಾಗದಂತೆ ಕಾಣುತ್ತದೆ. ಕಟ್ಟೆಗೆ ಇಳಕಲ್ಲು, ಕುಷ್ಟಗಿಯ ಕಡೆಯ ಕೆಂಪು ಗ್ರಾನೈಟು ಹಾಕಿದ್ದರಂತೂ ಕೆಂಪಿನ ಪಾಲು ಆಗಲೇ ತುಂಬಿಹೋಗಿರುತ್ತದೆ, ಗೋಡೆ ಸುಮ್ಮನಿರಬೇಕು.

ಬೀಟೆ, ಮತ್ತಿ, ವೆಂಗೆ ಅಥವಾ ವಾಲ್ನಟ್ ಸನ್‌ಮೈಕದಂಥ ಗಾಢ ಕಪಾಟಿಗೆ ಬಣ್ಣದ ಆಯ್ಕೆ ಸುಲಭ, ಪ್ರಮಾಣದ ಲೆಕ್ಕ ಕಷ್ಟ. ಮೇಲೆ ಕೆಳಗೆ ಎರಡೂ ಕಡೆ ಗಾಢ ಕಪಾಟು, ಜೊತೆಗೆ ಕಪ್ಪು ಗ್ರಾನೈಟು ಇದ್ದರೆ ಗೋಡೆ ಕಾಣುವುದೇ ಸ್ವಲ್ಪ. ಆ ಸ್ವಲ್ಪದಲ್ಲಿ ತಿಳಿ ಬಣ್ಣವಲ್ಲದೆ ಬೇರೆ ಏನು ಹಚ್ಚಿದರೂ ಕೋಣೆ ಉಸಿರು ಕಟ್ಟುತ್ತದೆ. ಬೀಟೆಗೆ ನಸು ಬೂದು-ಬಿಳಿಯನ್ನೂ, ವಾಲ್ನಟ್‌ಗೆ ಕೆನೆ-ಬಿಳಿಯನ್ನೂ ಕಣ್ಣುಮುಚ್ಚಿ ಹೇಳಬಹುದು.

ತಿಳಿ ಮರದ ಕಪಾಟು ಮಾತ್ರ ಗೋಡೆಗೆ ಸ್ವಾತಂತ್ರ್ಯ ಕೊಡುತ್ತದೆ. ಮಾವು, ರಬ್ಬರ್ ಮರ, ತಿಳಿ ಓಕ್ ಚಿತ್ರದ ಸನ್‌ಮೈಕ ಇದ್ದಲ್ಲಿ ಗೋಡೆಯೇ ಗಾಢವಾಗಬಹುದು. ಅಂತರ ಉಳಿಯಬೇಕೆಂಬ ನಿಯಮ ಇಲ್ಲಿ ತಲೆಕೆಳಗಾಗಿ ಪಾಲನೆಯಾಗುತ್ತದೆ ಅಷ್ಟೇ. ಇಟ್ಟಿಗೆ ಬಣ್ಣ, ಕೆಮ್ಮಣ್ಣು, ಕಡು ಆಲಿವ್ ಇವುಗಳಲ್ಲಿ ಒಂದನ್ನು ಒಂದೇ ಗೋಡೆಗೆ, ಕಿಟಕಿಯ ಎದುರಿನ ಗೋಡೆಗೆ ಹಚ್ಚಿ, ಉಳಿದ ಮೂರನ್ನು ತಿಳಿಯಾಗಿ ಬಿಟ್ಟರೆ ಸೊಗಸು. ಕಿನ್ನಾಳದ ಕಲೆಯ ಮೇಲಿನ ಅಭಿಮಾನದಿಂದ ಅಲ್ಲಿನ ಗೊಂಬೆಗಳ ಕಡುಗೆಂಪು, ಕಡುಹಸಿರು, ಅರಿಸಿನ ಹಳದಿಯನ್ನೇ ಗೋಡೆಗೆ ತರಬೇಕೆನ್ನುವವರಿಗೆ ಒಂದು ಮಾತು: ಆ ಬಣ್ಣಗಳು ಒಂದಡಿ ಎತ್ತರದ ಗೊಂಬೆಯ ಮೇಲೆ ಗೇಣಗಲ ಜಾಗದಲ್ಲಿ ಇರುವುದರಿಂದಲೇ ಬೆರಗು ಹುಟ್ಟಿಸುತ್ತವೆ. ಅದೇ ಕೆಂಪು ನೂರು ಚದರಡಿಗೆ ಹರಡಿದರೆ ಮರವೂ ಕಾಣದು, ಗೊಂಬೆಯೂ ಕಾಣದು. ಗೊಂಬೆಯನ್ನೇ ತಂದು ಮಂಕು ಹಸಿರಿನ ಗೋಡೆಯ ಮುಂದೆ, ಮರದ ಹಲಗೆಯ ಮೇಲೆ ಇಡುವುದು ಆ ಕಲೆಗೂ ಗೌರವ, ಕಿಸೆಗೂ ಹಗುರ.

ಹೊಳಪು, ಅರಿಸಿನ, ಹಿಟ್ಟು

ಬಣ್ಣ ಆರಿಸಿದಷ್ಟೇ ಕಾಳಜಿಯಿಂದ ಅದರ ಹೊಳಪನ್ನೂ ಆರಿಸಬೇಕು, ಏಕೆಂದರೆ ಒಂದೇ ಬಣ್ಣ ಹೊಳಪಿನಲ್ಲಿ ಗಾಢವಾಗಿ, ಮ್ಯಾಟ್‌ನಲ್ಲಿ ತಿಳಿಯಾಗಿ ಕಾಣುತ್ತದೆ. ಡಿಸ್ಟೆಂಪರ್ ಒದ್ದೆ ಬಟ್ಟೆಗೆ ಎದ್ದುಬರುವುದರಿಂದ ಅಡುಗೆಮನೆಗೆ ಅದನ್ನು ಎಣಿಸುವುದೇ ಬೇಡ. ಎಣ್ಣೆ ಬಣ್ಣವೆನ್ನುವ ಎನಾಮೆಲ್ ತೊಳೆಯಲು ಸುಲಭವಾದರೂ ಅದರ ಬಿಳಿ, ಬೆಳಕು ಕಡಿಮೆ ಇರುವ ಮೂಲೆಗಳಲ್ಲಿ ಬೇಗ ಹಳದಿಯಾಗುತ್ತದೆ. ಮರದ ಪಕ್ಕದಲ್ಲಿ ಆ ಹಳದಿ ಎದ್ದು ಕಾಣುತ್ತದೆ. ನಡುಹೊಳಪಿನ, ಸ್ಯಾಟಿನ್ ಅಥವಾ ಸಾಫ್ಟ್ ಶೀನ್ ಎಂದು ಬರೆದಿರುವ, ತೊಳೆಯಬಹುದಾದ ಅಕ್ರಿಲಿಕ್ ಎಮಲ್ಷನ್ ಇಲ್ಲಿಗೆ ಸೂಕ್ತ. ಪೂರ್ತಿ ಹೊಳಪಿನದು ಪುಟ್ಟಿಯ ಪ್ರತಿಯೊಂದು ಉಬ್ಬುತಗ್ಗನ್ನೂ ತೋರಿಸುತ್ತದೆ, ಮೇಲಾಗಿ ಪಾಲಿಶ್ ಮಾಡಿದ ಮರ ಆಗಲೇ ಹೊಳೆಯುತ್ತಿರುವಾಗ ಗೋಡೆಯೂ ಹೊಳೆದರೆ ಕಣ್ಣಿಗೆ ವಿಶ್ರಾಂತಿಯೇ ಇರುವುದಿಲ್ಲ.

ಒಲೆಯ ಸುತ್ತ ಟೈಲ್ಸು ಎರಡಡಿಗೇ ನಿಂತಿದ್ದರೆ ಅದರ ಮೇಲಿನ ಪಟ್ಟಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವ ಜಾಗ. ಮಂಡಕ್ಕಿ ಒಗ್ಗರಣೆಗೆ ಎಣ್ಣೆ ಕಾಯಿಸಿ ಅರಿಸಿನ ಹಾಕಿದಾಗ ಸಿಡಿಯುವ ಹನಿ ನೇರ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಬಣ್ಣ ಕೊಳ್ಳುವ ಮುನ್ನವೇ, ಮಾದರಿ ಹಚ್ಚಿದ ಹಲಗೆ ಒಂದು ವಾರ ಚೆನ್ನಾಗಿ ಒಣಗಿದ ಮೇಲೆ, ಅರಿಸಿನ ಕಲಸಿದ ಎಣ್ಣೆಯನ್ನು ಬೆರಳಿನಿಂದ ಸವರಿ ಅರ್ಧ ಗಂಟೆ ಬಿಟ್ಟು, ಸಾಬೂನು ನೀರಿನ ಬಟ್ಟೆಯಿಂದ ಒರೆಸಿ ನೋಡಬೇಕು. ಅಚ್ಚ ಬೂದು ಮತ್ತು ನೀಲಿಗಳ ಮೇಲೆ ಉಳಿಯುವ ನಸುಹಳದಿ ಕಲೆ, ಮಣ್ಣಿನ ಛಾಯೆಯ ಬಿಳಿ ಅಥವಾ ಹಸಿರಿನ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಬಿಸಿಲು ಬೀಳುವ ಗೋಡೆಯಾದರೆ ಅರಿಸಿನದ ಕಲೆ ತಾನಾಗಿ ಮಾಸುತ್ತ ಬರುತ್ತದೆ, ನೆರಳಿನ ಗೋಡೆಯಲ್ಲಿ ಹಾಗೆಯೇ ಕೂರುತ್ತದೆ. ರೊಟ್ಟಿ ತಟ್ಟುವ ಜಾಗದ ಹಿಂದಿನ ಗೋಡೆಗೆ ಬೇರೆ ತಾಪತ್ರಯ: ಜೋಳದ ಹಿಟ್ಟು ದಿನವೂ ಹಾರಿ ಕೂರುವುದರಿಂದ ಗಾಢ ಬಣ್ಣದ ಗೋಡೆ ಅಲ್ಲಿ ಸದಾ ಮಬ್ಬಾಗಿರುತ್ತದೆ. ದಿನವೂ ರೊಟ್ಟಿಯಾಗುವ ಮನೆಯಲ್ಲಿ ಆ ಭಾಗವನ್ನು ತಿಳಿಯಾಗಿಡುವುದೇ ಉತ್ತಮ.

ಸಾಮಾನಿಡುವ ಸಜ್ಜಾ ಎಂಬ ಅಟ್ಟದ ಕೆಳಭಾಗಕ್ಕೂ ಛಾವಣಿಗೂ ಒಂದೇ ಬಿಳಿ ಸಾಕು. ಮೇಲಿನ ಕಪಾಟು ಮತ್ತು ಛಾವಣಿಯ ನಡುವೆ ಉಳಿಯುವ ಒಂದಡಿ ಪಟ್ಟಿಗೆ ಗೋಡೆಯ ಬಣ್ಣವನ್ನೇ ಮುಂದುವರಿಸಬೇಕು.

ಮಾದರಿ ಹಚ್ಚಿ ನೋಡುವುದು ಮತ್ತು ಅಳತೆ

ಹೆಬ್ಬೆರಳಿನಷ್ಟು ಅಗಲದ ಕಾರ್ಡಿನ ಚೌಕ ನೋಡಿ ಗೋಡೆಯನ್ನು ಊಹಿಸಲಾಗದು. ಅದೇ ಬಣ್ಣ ನಾಲ್ಕು ಗೋಡೆಗೆ ಬಂದಾಗ ಒಂದಕ್ಕೊಂದು ಪ್ರತಿಫಲಿಸಿ ಇನ್ನಷ್ಟು ಕಡುವಾಗುತ್ತದೆ. ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದುದನ್ನು ಮಾದರಿಗೆ ತರುವುದು ಒಳ್ಳೆಯ ಅಭ್ಯಾಸ. ಅಂಗಡಿಯಲ್ಲಿ ಚಿಕ್ಕ ಡಬ್ಬಿಯ ಮಾದರಿ ಸಿಗುತ್ತದೆ. ಅದನ್ನು ನೇರ ಗೋಡೆಗೆ ಹಚ್ಚದೆ ಎರಡಡಿ ಚೌಕದ ಪ್ಲೈವುಡ್ ಹಲಗೆಗೆ ಬಿಳಿ ಪ್ರೈಮರ್ ಹಾಕಿ, ಅದರ ಮೇಲೆ ಎರಡು ಕೋಟ್ ಹಚ್ಚಿದರೆ ಮಾದರಿಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಹಸಿಯಾಗಿರುವಾಗ ತಿಳಿಯಾಗಿ ಕಾಣುವ ಎಮಲ್ಷನ್ ಒಣಗಿದಾಗ ಗಾಢವಾಗುವುದು ಸಾಮಾನ್ಯವಾದ್ದರಿಂದ ಮರುದಿನದವರೆಗೆ ತೀರ್ಪು ಕೊಡಬಾರದು. ಹಲಗೆಯನ್ನು ಕಪಾಟಿಗೆ ತಾಗಿಸಿ ನೇರ ನಿಲ್ಲಿಸಬೇಕು, ಮಲಗಿಸಬಾರದು. ಕಿಟಕಿಯ ಪಕ್ಕದಲ್ಲಿ ಒಮ್ಮೆ, ಕೋಣೆಯ ಕತ್ತಲೆ ಮೂಲೆಯಲ್ಲಿ ಒಮ್ಮೆ ಇಟ್ಟು, ಬೆಳಗಿನ ಚಹಾದ ಹೊತ್ತು, ಬಿಸಿಲೇರಿದ ಮಧ್ಯಾಹ್ನ, ರಾತ್ರಿ ದೀಪ ಹಚ್ಚಿದ ಮೇಲೆ ನೋಡಬೇಕು. ಮೂರೂ ಹೊತ್ತಿನಲ್ಲಿ ಅತ್ಯುತ್ತಮವಾಗಿ ಕಾಣುವ ಬಣ್ಣ ಸಿಗುವುದು ಅಪರೂಪ. ಯಾವ ಹೊತ್ತಿನಲ್ಲೂ ಕೆಟ್ಟದಾಗಿ ಕಾಣದ್ದನ್ನು ಆರಿಸಬೇಕು. ನೀವು ಅಡುಗೆಮನೆಯಲ್ಲಿ ಹೆಚ್ಚು ನಿಲ್ಲುವ ಹೊತ್ತಿಗೆ ಎರಡು ಮತ ಕೊಡಬಹುದು.

ಹೊಸ ಗಿಲಾಯಿಯ ಗೋಡೆಗೆ ಕನಿಷ್ಠ 28 ದಿನ ಒಣಗಲು ಬಿಡದೆ ಬಣ್ಣ ಹಚ್ಚಿದರೆ ಸಿಮೆಂಟಿನ ಕ್ಷಾರ ಮೇಲೆ ಬಂದು ಬಣ್ಣ ತೇಪೆತೇಪೆಯಾಗುತ್ತದೆ. ಬೋರಿನ ಉಪ್ಪು ನೀರಿನಲ್ಲಿ ಕ್ಯೂರಿಂಗ್ ಮಾಡಿದ ಗೋಡೆಯಲ್ಲಿ ಬಿಳಿ ಉಪ್ಪು ಮೂಡುವುದೂ ಉಂಟು. ಅದನ್ನು ಒಣ ಬ್ರಷ್ಷಿನಿಂದ ಉದುರಿಸಿ, ಮತ್ತೆ ಮೂಡುವುದಿಲ್ಲವೆಂದು ಖಚಿತವಾದ ಮೇಲೆಯೇ ಮುಂದುವರಿಯಬೇಕು.

ಎಷ್ಟು ಬಣ್ಣ ಬೇಕೆಂಬ ಲೆಕ್ಕವನ್ನು ಪೇಂಟರ್ ಬಾಯಿಮಾತಿಗೆ ಬಿಡುವ ಅಗತ್ಯವಿಲ್ಲ. 8 ಅಡಿಗೆ 10 ಅಡಿಯ, 10 ಅಡಿ ಎತ್ತರದ ಅಡುಗೆಮನೆಯ ನಾಲ್ಕು ಗೋಡೆಗಳು ಸೇರಿ 360 ಚದರ ಅಡಿ. ಬಾಗಿಲು 21, ಕಿಟಕಿ 12, ಹದಿನಾರು ಅಡಿ ಕಟ್ಟೆಯ ಮೇಲಿನ ಟೈಲ್ಸು 32, ಕೆಳಗಿನ ಕಪಾಟು ಸುಮಾರು 48, ಮೇಲಿನ ಕಪಾಟು 24 ಕಳೆದರೆ ಉಳಿಯುವುದು 223. ಪುಟ್ಟಿ ಹಾಕಿ ನಯಮಾಡಿದ ಗೋಡೆಯ ಮೇಲೆ ಒಂದು ಲೀಟರ್ ಎಮಲ್ಷನ್ ಎರಡು ಕೋಟ್ ಹಚ್ಚಲು ಸುಮಾರು 60ರಿಂದ 70 ಚದರ ಅಡಿ ಬರುವುದರಿಂದ 4 ಲೀಟರಿನ ಒಂದು ಡಬ್ಬಿ ಸಾಕಾಗುತ್ತದೆ. ಒಂದಕ್ಕಿಂತ ಹೆಚ್ಚು ಡಬ್ಬಿ ಬೇಕಾದಲ್ಲಿ ಎಲ್ಲವನ್ನೂ ಒಂದೇ ಸಲ ಕಲಸಿಸಿಕೊಂಡು, ದೊಡ್ಡ ಬಕೆಟ್ಟಿನಲ್ಲಿ ಒಟ್ಟಿಗೆ ಬೆರೆಸಿ ಬಳಸಬೇಕು; ಬೇರೆ ಬೇರೆ ದಿನ ಕಲಸಿದ ಡಬ್ಬಿಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಗೋಡೆಯ ನಡುವೆ ಗೆರೆಯಾಗಿ ಕಾಣುತ್ತದೆ.

ಕೆಲಸ ಮುಗಿದ ಮೇಲೆ ಬಣ್ಣದ ಕೋಡ್, ಅದನ್ನು ಕಲಸಿದ ಮೂಲ ಪೇಂಟಾದ ಬೇಸ್‌ನ ಹೆಸರು, ಹೊಳಪಿನ ಬಗೆ ಮತ್ತು ತಾರೀಖನ್ನು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿ, ಉಳಿದ ಬಣ್ಣವನ್ನು ಬಾಯಿವರೆಗೆ ತುಂಬುವಂಥ ಚಿಕ್ಕ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿಡಬೇಕು. ಮೊದಲ ಕೆಲವು ತಿಂಗಳಲ್ಲಿ ಆಗುವ ಗೀರುಗಳಿಗೆ ಅದು ಸಾಕು. ವರ್ಷಗಳ ನಂತರ ಕಲೆಯಾದರೆ ಅದೇ ಕೋಡಿನ ಹೊಸ ಬಣ್ಣವೂ ಮಾಸಿದ ಗೋಡೆಗೆ ಕೂಡುವುದಿಲ್ಲವಾದ್ದರಿಂದ, ತೇಪೆ ಹಚ್ಚುವ ಬದಲು ಆ ಒಂದು ಗೋಡೆಯನ್ನು ಮೂಲೆಯಿಂದ ಮೂಲೆಯವರೆಗೆ ಪೂರ್ತಿ ಬಳಿಸಬೇಕು.